ರಾಸಾಯನಿಕಕ್ಕೂ ಅಡ್ರಿನಲ್ ಗಡ್ಡೆಗೂ ನಂಟು ಅಂತ ಸುದ್ದಿ ಬಂದ್ರೆ ಓದೋದು ಹೇಗೆ, ಆಮೇಲೆ ಮಾಡೋದೆಂತ

ಮೊದಲನೇ ಮಾತು, ಯಾವ ಸುದ್ದಿ ಓದಿದ್ರೂ ದಿನಾ ತಗೊಳ್ಳೋ ಮಾತ್ರೆ ನಿಲ್ಲಿಸ್ಬೇಡಿ. ಇದನ್ನೇ ಮೊದಲು ಹೇಳೋಕೆ ಕಾರಣ ಇದೆ. "ಸಕ್ಸಿನೇಟ್ ಅನ್ನೋ ರಾಸಾಯನಿಕಕ್ಕೂ ಕಿಡ್ನಿ ಮೇಲಿನ ಗ್ರಂಥಿಲಿ ಬರೋ ಅಪರೂಪದ ಗಡ್ಡೆಗೂ ಸಂಬಂಧ" ಅನ್ನೋ ಥರದ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಿತ್ತು ಅಂದ್ರೆ ಮಾರನೇ ದಿನ ಯಾರಾದ್ರೂ ಒಬ್ರು ತಮ್ಮ ಬಿಪಿ ಮಾತ್ರೆ ಸ್ಟ್ರಿಪ್ ತಿರುಗಿಸಿ ನೋಡೇ ನೋಡ್ತಾರೆ, ಹಿಂದ್ಗಡೆ ಸಣ್ಣ ಅಕ್ಷರದಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಅಂತ ಇರತ್ತೆ, ಅಷ್ಟೇ, ಅವತ್ತಿಂದ ಮಾತ್ರೆ ಬಂದ್. ನಾನು ಶಿರಸಿಲಿ ಲ್ಯಾಬ್ ಕೆಲಸ ಮಾಡೋಳು, ಡಾಕ್ಟರ್ ಅಲ್ಲ. ಆದ್ರೆ ರಕ್ತ ಕೊಡೋಕೆ ಬಂದೋರು ತೋಳು ಚಾಚಿ ಕೂತಾಗ ಇಂಥ ಪ್ರಶ್ನೆ ಕೇಳ್ತಾನೇ ಇರ್ತಾರೆ, ನಮ್ಮ ಕಡೆ ಒಬ್ರು ರಿಟೈರ್ಡ್ ಮಾಸ್ತರ್ರು ಸ್ಟ್ರಿಪ್ಪನ್ನೇ ಕಿಸೆಲಿ ಇಟ್ಕೊಂಡು ಬಂದಿದ್ರು, "ತಂಗೀ, ಇದ್ರಲ್ಲೂ ಅದೇ ಹೆಸ್ರು ಇದ್ದು, ಎಂತ ಮಾಡವು?" ಅಂತ. ಅವ್ರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೀತಾ ಇದೀನಿ, ಯಾಕಂದ್ರೆ ಆ ಸುದ್ದಿ ಸುಳ್ಳಲ್ಲ, ಅದ್ರ ಹಿಂದಿನ ವಿಜ್ಞಾನ ತುಂಬ ಗಟ್ಟಿ ಇದೆ, ಆದ್ರೆ ಜನ ಹೆದರಬೇಕಾದ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೆದರ್ತಾರೆ.

ಸುದ್ದಿ ಬಂದ ಕೂಡ್ಲೇ ಕೇಳ್ಕೊಳ್ಬೇಕಾದ್ದು: ಈ ರಾಸಾಯನಿಕ ಹೊರಗಿಂದ ಮೈಯೊಳಗೆ ಹೋಗೋದಾ, ಅಥ್ವಾ ಮೈಯೇ ಮಾಡೋದಾ?

ಸಕ್ಸಿನೇಟ್ ಎರಡನೇ ಜಾತಿದು. ನಾವು ಉಂಡ ಅನ್ನ ಶಕ್ತಿ ಆಗೋ ದಾರಿಲಿ, ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ, ಒಂದು ವಸ್ತು ಇನ್ನೊಂದಾಗಿ ಅದು ಮತ್ತೊಂದಾಗಿ ಒಂದು ಚಕ್ರ ಸುತ್ತತಾ ಇರತ್ತೆ, ಶಾಲೇಲಿ ಕ್ರೆಬ್ಸ್ ಸೈಕಲ್ ಅಂತ ಓದಿದ್ವಲ್ಲ ಅದೇ. ಅದ್ರಲ್ಲಿ ಸಕ್ಸಿನೇಟ್ ಅನ್ನೋದು ಫ್ಯೂಮರೇಟ್ ಆಗ್ಬೇಕು. ಆ ಕೆಲಸ ಮಾಡೋ ಎನ್‌ಜೈಮ್ ಹೆಸರು ಸಕ್ಸಿನೇಟ್ ಡಿಹೈಡ್ರೋಜಿನೇಸ್, ಚಿಕ್ಕದಾಗಿ ಎಸ್‌ಡಿಎಚ್. ಈ ಎಸ್‌ಡಿಎಚ್ ಹುಟ್ಟಿನಿಂದಲೇ ಬಂದ ಜೀನ್ ದೋಷದಿಂದ ಕೆಲವು ಕೋಶಗಳಲ್ಲಿ ಪೂರ್ತಿ ಕೆಟ್ಟು ಹೋದ್ರೆ ಸಕ್ಸಿನೇಟ್ ಮುಂದೆ ಹೋಗಲ್ಲ, ಕೊನೆಕೊಯ್ಲು ನಡೀತಾನೇ ಇದ್ದು ಅಡಿಕೆ ಸುಲಿಯೋರು ಬರ್ದೇ ಇದ್ರೆ ಅಂಗಳದಲ್ಲಿ ರಾಶಿ ಬೀಳತ್ತಲ್ಲ ಹಾಗೆ ಕೋಶದೊಳಗೇ ರಾಶಿ ಬೀಳತ್ತೆ. ಅಂದ್ರೆ ಇಲ್ಲಿ ಸಕ್ಸಿನೇಟ್ ಹೊರಗಿಂದ ಬಂದ ವಿಷ ಅಲ್ಲ, ಒಳಗಿನ ಕೆಲಸ ನಿಂತಿದ್ದಕ್ಕೆ ತುಂಬ್ಕೊಂಡಿದ್ದು.

ರಾಶಿ ಬಿದ್ರೆ ಗಡ್ಡೆ ಯಾಕಾಗತ್ತೆ ಅನ್ನೋದು ಇದ್ರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ. ನಮ್ಮ ಕೋಶಗಳಿಗೆ ಆಮ್ಲಜನಕ ಸಾಕಷ್ಟು ಇದ್ಯಾ ಇಲ್ವಾ ಅಂತ ಗೊತ್ತಾಗೋಕೆ ಒಂದು ವ್ಯವಸ್ಥೆ ಇದೆ. ಎಚ್‌ಐಎಫ್ ಅನ್ನೋ ಪ್ರೋಟೀನು ಆಮ್ಲಜನಕ ಕಡಿಮೆ ಆದಾಗ ಮಾತ್ರ ಉಳ್ಕೊಂಡು "ರಕ್ತನಾಳ ಬೆಳಸು, ಕೋಶ ಬೆಳಸು" ಅಂತ ಆರ್ಡರ್ ಕೊಡತ್ತೆ, ಆಮ್ಲಜನಕ ಚೆನ್ನಾಗಿದ್ರೆ ಬೇರೆ ಎನ್‌ಜೈಮ್‌ಗಳು ಅದಕ್ಕೆ ಗುರ್ತು ಹಾಕಿ ಕಿತ್ತು ಹಾಕ್ತವೆ. ಇದನ್ನ ಬಿಡಿಸಿದ್ದಕ್ಕೇ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವ್ರಿಗೆ 2019ರಲ್ಲಿ ನೊಬೆಲ್ ಬಂದಿದ್ದು. ಸಕ್ಸಿನೇಟ್ ಜಾಸ್ತಿ ಆದ್ರೆ ಆ ಗುರ್ತು ಹಾಕೋ ಎನ್‌ಜೈಮ್‌ಗಳ ಕೈ ಕಟ್ಟಿಹಾಕತ್ತೆ ಅಂತ 2005ರಲ್ಲಿ ತೋರಿಸಿದ್ರು. ಆಮ್ಲಜನಕ ಬೇಕಾದಷ್ಟಿದ್ರೂ ಕೋಶಕ್ಕೆ ಉಸಿರು ಕಟ್ಟಿದ ಹಾಗೆ ಅನ್ಸತ್ತೆ, ಬೆಳೀತಾ ಹೋಗತ್ತೆ. ಇನ್ನೊಂದು ವಿಷಯ ಇದಕ್ಕೆ ಎಷ್ಟು ಚಂದ ಕೂಡತ್ತೆ ನೋಡಿ: ಪೆರುವಿನ ಆಂಡೀಸ್ ಬೆಟ್ಟದ ಮೇಲೆ, ಗಾಳಿ ತೆಳುವಾಗಿರೋ ಎತ್ತರದಲ್ಲಿ ಬದುಕೋ ಜನಕ್ಕೆ ಕುತ್ತಿಗೆಲಿ ಇದೇ ಕುಟುಂಬದ ಗಡ್ಡೆ ಹೆಚ್ಚಾಗಿ ಕಾಣಿಸ್ಕೊಳ್ಳತ್ತೆ ಅಂತ 1970ರ ದಶಕದಲ್ಲೇ ಗೊತ್ತಾಗಿತ್ತು. ಅಲ್ಲಿ ನಿಜವಾಗ್ಲೂ ಆಮ್ಲಜನಕ ಕಡಿಮೆ, ಇಲ್ಲಿ ಸಕ್ಸಿನೇಟ್ ಹೇಳೋ ಸುಳ್ಳು. ಪರಿಣಾಮ ಒಂದೇ.

ಗಡ್ಡೆ ಹೆಸರು ಫಿಯೋಕ್ರೋಮೋಸೈಟೋಮಾ, ಚಿಕ್ಕದಾಗಿ ಫಿಯೋ. ಅಡ್ರಿನಲ್ ಗ್ರಂಥಿಯ ಒಳಭಾಗದಲ್ಲಿ, ಅಡ್ರಿನಲಿನ್ ಮಾಡೋ ಕೋಶಗಳಿಂದ ಹುಟ್ಟೋದು. ಅದೇ ಥರದ ಕೋಶಗಳು ಹೊಟ್ಟೆ, ಎದೆ, ಕುತ್ತಿಗೆಲೂ ಇರ್ತವೆ, ಅಲ್ಲಿ ಬಂದ್ರೆ ಪ್ಯಾರಾಗ್ಯಾಂಗ್ಲಿಯೋಮಾ ಅಂತಾರೆ. ಎಸ್‌ಡಿಎಚ್ ಎನ್‌ಜೈಮಿನ ಭಾಗಗಳನ್ನ ಮಾಡೋ ಜೀನ್‌ಗಳಲ್ಲಿ 2000ನೇ ಇಸವಿಲಿ ಎಸ್‌ಡಿಎಚ್‌ಡಿ, ಮರುವರ್ಷ ಎಸ್‌ಡಿಎಚ್‌ಬಿ ಈ ಗಡ್ಡೆಗಳಿಗೆ ಕಾರಣ ಅಂತ ಸಿಕ್ತು. ಎಲ್ಲ ಫಿಯೋ ಕೇಸುಗಳೂ ಸಕ್ಸಿನೇಟ್ ದಾರಿದಲ್ಲ, ರೆಟ್, ವಿಎಚ್‌ಎಲ್, ಎನ್‌ಎಫ್1 ಅಂತ ಬೇರೆ ಜೀನ್‌ಗಳೂ ಇವೆ, ಯಾವ ಜೀನ್ ದೋಷವೂ ಕಾಣದೇ ಇರೋರೂ ಬೇಕಾದಷ್ಟಿದಾರೆ.

ಈಗ ಮಾತ್ರೆ ವಿಷಯಕ್ಕೆ ಬನ್ನಿ. ಮೆಟೊಪ್ರೊಲಾಲ್ ಸಕ್ಸಿನೇಟ್, ಮೈಗ್ರೇನಿಗೆ ಕೊಡೋ ಸುಮಾಟ್ರಿಪ್ಟಾನ್ ಸಕ್ಸಿನೇಟ್, ಬಸುರಿಯರ ವಾಂತಿಗೆ ಕೊಡೋ ಡಾಕ್ಸಿಲಮೀನ್ ಸಕ್ಸಿನೇಟ್, ಇದೆಲ್ಲದ್ರಲ್ಲೂ ಸಕ್ಸಿನೇಟ್ ಅನ್ನೋದು ಔಷಧಿ ಲವಣರೂಪದಲ್ಲಿ ಇರ್ಲಿ ಅಂತ ಸೇರಿಸಿರೋದು, ಕೆಲವೇ ಮಿಲಿಗ್ರಾಂ. ಎನ್‌ಜೈಮ್ ಸರಿ ಇದ್ದೋರ ಮೈ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಕ್ಸಿನೇಟನ್ನ ದಿನಾ ತಾನೇ ಮಾಡಿ ತಾನೇ ಮುಗಿಸತ್ತೆ. ಮೆಟೊಪ್ರೊಲಾಲ್ ಒಮ್ಮೆಲೇ ಬಿಟ್ರೆ ಬಿಪಿ, ಎದೆಬಡಿತ ಏರಬಹುದು, ಹೃದಯದ ತೊಂದ್ರೆ ಇದ್ದೋರಿಗೆ ಎದೆನೋವೇ ಬರಬಹುದು, ಅಪಾಯ ಅಲ್ಲಿರೋದು. ಹಾಗಂತ ಮೆಟೊಪ್ರೊಲಾಲಿಗೂ ಈ ಗಡ್ಡೆಗೂ ಏನೂ ಸಂಬಂಧ ಇಲ್ಲ ಅಂತಲ್ಲ, ಬೇರೆ ಒಂದು ಸಂಬಂಧ ಇದೆ, ಅದು ಸಕ್ಸಿನೇಟಿಂದ ಅಲ್ಲ, ಕೆಳಗೆ ಹೇಳ್ತೀನಿ.

ಎರಡನೇದು ನೋಡ್ಬೇಕಾದ್ದು, ಸಂಶೋಧನೆ ಯಾರ ಮೇಲೆ ಮಾಡಿದ್ದು ಅಂತ. ತಟ್ಟೆಲಿ ಬೆಳೆಸಿದ ಕೋಶದ ಮೇಲಾ, ಇಲಿ ಮೇಲಾ, ಮನುಷ್ಯರ ಮೇಲಾ. ಅಡ್ರಿನಲ್ ವಿಷಯದಲ್ಲಂತೂ ಇಲಿ ಸುದ್ದಿ ಬಗ್ಗೆ ತುಂಬಾ ಜಾಗ್ರತೆ ಬೇಕು. ಲ್ಯಾಬಿನ ಗಂಡು ಇಲಿಗಳಿಗೆ ವಯಸ್ಸಾಗ್ತಾ ಬಂದ ಹಾಗೆ ಏನೂ ಕೊಡ್ದೇ ಇದ್ರೂ ಈ ಗಡ್ಡೆ ಬರೋದು ಮಾಮೂಲು. ಝೈಲಿಟಾಲ್, ಹಾಲಿನ ಸಕ್ಕರೆ ಲ್ಯಾಕ್ಟೋಸ್, ಇಂಥವನ್ನ ಭಾರೀ ಪ್ರಮಾಣದಲ್ಲಿ ತಿನ್ನಿಸಿದ್ರೂ ಇಲಿಗಳಲ್ಲಿ ಅದು ಹೆಚ್ಚಾಗತ್ತೆ, ಅದು ಇಲಿಯ ಕರುಳು ಕ್ಯಾಲ್ಸಿಯಂ ಹೀರ್ಕೊಳ್ಳೋ ರೀತಿಗೆ ಸಂಬಂಧಿಸಿದ್ದು. ಅದನ್ನ ಓದ್ಕೊಂಡು ಹಾಲು ಕುಡಿದ್ರೆ ಅಡ್ರಿನಲ್ ಗಡ್ಡೆ ಅಂತ ಯಾರಾದ್ರೂ ಬರೆದ್ರೆ ನಂಬೋ ಹಾಗಿಲ್ಲ.

ನಮ್ಮ ಜಿಲ್ಲೆಯೋರಿಗೆ ಈ ಪಾಠ ಹೊಸದಲ್ಲ, ಅಡಿಕೆ ಬಗ್ಗೆ ಎಷ್ಟು ಹೆಡ್‌ಲೈನ್ ನೋಡಿದೀವಿ. ಅಲ್ಲಿ ಮಾತ್ರ ನಾವು ಉಲ್ಟಾ ಮಾಡ್ತೀವಿ, ನಮ್ಮ ಬೆಳೆ ಅಂತ ಇಡೀ ಸಂಶೋಧನೆನೇ ಸುಳ್ಳು ಅಂತೀವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆನ ಒಂದನೇ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರತ್ತೆ ಅಂತ ಖಚಿತವಾದ ಗುಂಪಿಗೆ, ಹಾಕಿದ್ದು ಜಗಿಯೋ ಮನುಷ್ಯರ ಬಾಯಿ ನೋಡಿ, ಅದನ್ನ ತಳ್ಳಿಹಾಕೋಕೆ ಆಗಲ್ಲ, ಕವಳ (ಎಲೆ ಅಡಿಕೆ) ಹಾಕೋರು ಬಾಯಿ ತೋರಿಸ್ಕೊಳ್ಳೋದು ಒಳ್ಳೇದು ಅಂತ ನಾನು ಮುಲಾಜಿಲ್ದೇ ಹೇಳ್ತೀನಿ. ಆದ್ರೆ ಅದೇ ಸಂಸ್ಥೆಯ ಗುಂಪು ಅನ್ನೋದು ಪುರಾವೆ ಎಷ್ಟು ಗಟ್ಟಿ ಅಂತ ಹೇಳತ್ತೆ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಮತ್ತೆ ಅದು ಬಾಯಿ ಕ್ಯಾನ್ಸರಿನ ಮಾತು, ಅಡ್ರಿನಲ್ ಗಡ್ಡೆಗೆ ತಂದು ಜೋಡಿಸ್ಬಾರ್ದು. ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತು ಸುಣ್ಣಾನೂ ಇದಕ್ಕೆ ತರಬೇಡಿ, ಕಾರವಾರದ ಕಡೆ ಕ್ಯಾನ್ಸರ್ ಅಂದ ಕೂಡ್ಲೇ ಮಾತು ಕೈಗಾ ಅಣುಸ್ಥಾವರಕ್ಕೆ ಹೋಗತ್ತೆ, ಈ ಸಕ್ಸಿನೇಟ್ ಸಂಶೋಧನೆ ವಿಕಿರಣದ ಬಗ್ಗೆ ಅಲ್ವೇ ಅಲ್ಲ. ಆ ಪ್ರಶ್ನೆಗಳನ್ನ ಕೇಳೋದು ತಪ್ಪು ಅಂತಲ್ಲ, ಬೇರೆಬೇರೆ ಪ್ರಶ್ನೆ ಅವು, ಬೇರೆಬೇರೆಯಾಗಿ ಕೇಳ್ಬೇಕು.

ಹೊರಗಿನ ರಾಸಾಯನಿಕ ಅಂದ್ರೆ ಬರೀ ಕೆಟ್ಟದ್ದೇ ಮಾಡತ್ತೆ ಅನ್ನೋದೂ ಅಲ್ಲ. ಡಿಡಿಟಿಯ ಹತ್ತಿರದ ಸಂಬಂಧಿ ಡಿಡಿಡಿ ಕೊಟ್ಟ ನಾಯಿಗಳಲ್ಲಿ ಅಡ್ರಿನಲ್‌ನ ಹೊರಪದರ ಹಾಳಾಗಿದ್ದು 1949ರಲ್ಲಿ ಕಂಡ್ರು, ಅದೇ ಸುಳಿವು ಹಿಡಿದು ಮಾಡಿದ ಮೈಟೊಟೇನ್ ಅನ್ನೋ ಔಷಧಿ ಇವತ್ತಿಗೂ ಅಡ್ರಿನಲ್ ಹೊರಪದರದ ಕ್ಯಾನ್ಸರಿಗೆ ಕೊಡ್ತಾರೆ. ಅದು ಬೇರೆ ಕ್ಯಾನ್ಸರ್, ಫಿಯೋ ಅಲ್ಲ, ಆದ್ರೆ ಸುದ್ದಿಲಿ ಎರಡನ್ನೂ "ಅಡ್ರಿನಲ್ ಟ್ಯೂಮರ್" ಅಂತ ಒಂದೇ ಹೆಸರಲ್ಲಿ ಬರೀತಾರೆ, ಯಾವುದು ಅಂತ ನೋಡ್ಕೊಳ್ಳಿ.

ಮೂರನೇದು ಲೆಕ್ಕ. ಫಿಯೋ ಮತ್ತು ಪ್ಯಾರಾಗ್ಯಾಂಗ್ಲಿಯೋಮಾ ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು 2ರಿಂದ 8 ಜನರಿಗೆ ಪತ್ತೆ ಆಗತ್ತೆ. ಉತ್ತರ ಕನ್ನಡ ಜಿಲ್ಲೆ ಜನಸಂಖ್ಯೆ 2011ರ ಗಣತಿಲಿ 14.37 ಲಕ್ಷ. ಆ ಲೆಕ್ಕದಲ್ಲಿ ಇಡೀ ಜಿಲ್ಲೆಗೆ, ಭಟ್ಕಳದಿಂದ ಜೋಯಿಡಾವರೆಗೆ, ವರ್ಷಕ್ಕೆ ಹೆಚ್ಚುಕಡಿಮೆ 3ರಿಂದ 11 ಜನ. "ಅಪಾಯ ಎರಡು ಪಟ್ಟು" ಅಂತ ಎಲ್ಲಾದ್ರೂ ಬರೆದಿದ್ರೆ ಎಷ್ಟರ ಎರಡು ಪಟ್ಟು ಅಂತ ಈ ನಂಬರ್ ಇಟ್ಕೊಂಡು ನೋಡಿ. ಆದ್ರೆ ಇದೇ ಲೆಕ್ಕದ ಇನ್ನೊಂದು ಮುಖ ನನ್ನ ತಲೆಲಿ ಯಾವಾಗ್ಲೂ ಕೊರೀತಾ ಇರತ್ತೆ, ಕಡಿಮೆ ಅಂದ್ರೂ ಯಾರಿಗೋ ಒಬ್ರಿಗೆ ಇದ್ದೇ ಇದೆ, ಅವ್ರು ಬಹುಶಃ ಗ್ಯಾಸ್ಟ್ರಿಕ್ಕು, ಟೆನ್ಶನ್ನು, ಮುಟ್ಟು ನಿಲ್ಲೋ ವಯಸ್ಸು ಅಂತ ವರ್ಷಗಟ್ಲೆ ಮಾತ್ರೆ ನುಂಗ್ತಾ ಇದಾರೆ. ಆ ಒಬ್ರಿಗೋಸ್ಕರ ಮುಂದಿನ ಭಾಗ.

ಲಕ್ಷಣ ಗುರುತಿಸೋದು

ಮೂರು ಒಟ್ಟಿಗೆ ನೆನಪಿಟ್ಕೊಳ್ಳಿ: ತಲೆ ಸಿಡಿಯೋ ಹಾಗೆ ನೋವು, ಮೈಯೆಲ್ಲ ಬೆವರು, ಎದೆ ಡವಡವ. ಇದು ದಿನವಿಡೀ ಇರೋದಲ್ಲ, ಸೆಳಕು ಬಂದ ಹಾಗೆ ಬಂದು ಕೆಲವು ನಿಮಿಷದಿಂದ ಗಂಟೆವರೆಗೆ ಇದ್ದು ಹೋಗತ್ತೆ. ಆಗ ಬಿಪಿ ನೋಡಿದ್ರೆ ವಿಪರೀತ ಏರಿರತ್ತೆ, ಮುಖ ಬಿಳಚ್ಕೊಳ್ಳತ್ತೆ, ಕೈ ನಡುಗತ್ತೆ, ಸತ್ತೇ ಹೋಗ್ತೀನೇನೋ ಅನ್ನೋ ಭಯ ಬರತ್ತೆ. ಕೆಲವ್ರಿಗೆ ಬಗ್ಗಿದಾಗ, ಹೊಟ್ಟೆ ಒತ್ತಿದಾಗ ಬರತ್ತೆ, ಗಡ್ಡೆ ಮೂತ್ರಕೋಶದಲ್ಲಿದ್ರೆ ಮೂತ್ರ ಮಾಡುವಾಗ್ಲೇ ಬರತ್ತೆ. ಯಾವುದೋ ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ಬಿಪಿ ಗಗನಕ್ಕೇರಿ ಆಪರೇಷನ್ ಅರ್ಧಕ್ಕೆ ನಿಲ್ಲಿಸಿದ್ರು ಅನ್ನೋ ಕಥೆ ಯಾರದ್ದಾದ್ರೂ ಇದ್ರೆ ಅದನ್ನ ಮಾತ್ರ ಹಗುರ ಮಾಡ್ಬೇಡಿ. ಎಲ್ರಿಗೂ ಮೂರೂ ಲಕ್ಷಣ ಇರಲ್ಲ, ಕೆಲವ್ರಿಗೆ ಏನೂ ಇರಲ್ಲ, ಕಿಡ್ನಿ ಕಲ್ಲಿಗೆ ಅಂತ ಮಾಡ್ಸಿದ ಸ್ಕ್ಯಾನಲ್ಲಿ ಅಡ್ರಿನಲ್ ಗಡ್ಡೆ ಕಾಣತ್ತೆ. ಹಾಗೆ ಅಕಸ್ಮಾತ್ ಕಂಡ ಗಡ್ಡೆಗಳಲ್ಲಿ ಹೆಚ್ಚಿನವು ತಂಟೆ ಮಾಡದ ಗಂಟುಗಳು, ಆದ್ರೂ ಫಿಯೋ ಟೆಸ್ಟ್ ಬೇಕಾ ಅಂತ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಿ.

ನಮ್ಮ ಕಡೆಗೇ ಹೇಳ್ಬೇಕಾದ ಒಂದು ವಿಷಯ ಅಂದ್ರೆ ಕವಳ. ಅಡಿಕೆಲಿ ಇರೋ ಅರೆಕೊಲಿನ್ ಬೆವರು ತರ್ಸತ್ತೆ, ಎದೆಬಡಿತ ಏರ್ಸತ್ತೆ, ಕವಳ ಹಾಕಿದ ಮೇಲೆ ರಕ್ತದಲ್ಲಿ ಅಡ್ರಿನಲಿನ್ ಹೆಚ್ಚಾಗೋದು ಅಳೆದು ನೋಡಿರೋ ವಿಷಯ. ಹಸಿ ಅಡಿಕೆ ಸೊಕ್ಕಿದಾಗ ಆಗೋದೂ ಹೆಚ್ಚುಕಡಿಮೆ ಹೀಗೇ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಸೆಳಕು ಬಂದ ಟೈಮು, ಆಗ ಎಂತ ಮಾಡ್ತಾ ಇದ್ರಿ, ಕವಳ ಹಾಕಿದ್ರಾ, ಚಾ ಕಾಫಿ ಕುಡಿದಿದ್ರಾ, ಎಷ್ಟು ಹೊತ್ತು ಇತ್ತು, ಬಿಪಿ ಎಷ್ಟು, ನಾಡಿ ಎಷ್ಟು. ಬಿಪಿ ಮಷೀನ್ ಮನೇಲಿ ಇಲ್ದಿದ್ರೆ ಪಕ್ಕದ ಮನೆದು ತಂದ್ರೂ ಅಡ್ಡಿಲ್ಲ, ಆದ್ರೆ ಸೆಳಕು ಇರುವಾಗ ಒಂದ್ಸಲ, ಎಲ್ಲ ಇಳಿದ ಮೇಲೆ ಒಂದ್ಸಲ ನೋಡಿ ಬರೀರಿ. ಡಾಕ್ಟರ್ ಎದುರು "ಆಗಾಗ ಒಂಥರ ಆಗತ್ತೆ" ಅನ್ನೋದಕ್ಕೂ ಈ ನೋಟ್‌ಬುಕ್ ಇಡೋದಕ್ಕೂ ಬಹಳ ವ್ಯತ್ಯಾಸ ಇದೆ, ಓಪಿಡಿಲಿ ಸಿಗೋ ಸಮಯ ನಿಮಗೇ ಗೊತ್ತಲ್ಲ. ಥೈರಾಯ್ಡ್, ಶುಗರ್ ಇಳಿಯೋದು, ಪ್ಯಾನಿಕ್ ಅಟ್ಯಾಕ್ ಇದೆಲ್ಲ ಫಿಯೋಗಿಂತ ಎಷ್ಟೋ ಪಾಲು ಸಾಮಾನ್ಯ, ಅದೆಲ್ಲ ಮೊದಲು ನೋಡ್ತಾರೆ, ಅದು ಸರಿಯೇ. ಆದ್ರೆ ಮೂವತ್ತರ ಒಳಗೇ ಬಿಪಿ ಬಂದಿದೆ, ಮೂರುಮೂರು ಮಾತ್ರೆ ಕೊಟ್ರೂ ಇಳೀತಿಲ್ಲ, ಅಥ್ವಾ ಮನೇಲಿ ಯಾರಿಗೋ ಇಂಥ ಗಡ್ಡೆ ಇತ್ತು ಅಂದ್ರೆ ಟೆಸ್ಟ್ ಕೇಳೋದು ಅತಿ ಅಲ್ಲ.

ಟೆಸ್ಟ್ ಸರಿಯಾಗಿ ಕೊಡೋದು

ಟೆಸ್ಟ್ ಹೆಸರು ಮೆಟಾನೆಫ್ರಿನ್. ಅಡ್ರಿನಲಿನ್ ಒಡೆದಾಗ ಬರೋ ವಸ್ತು ಅದು, ಗಡ್ಡೆ ಇದ್ದೋರಲ್ಲಿ ಸೆಳಕು ಇಲ್ದೇ ಇರುವಾಗ್ಲೂ ಹೆಚ್ಚಿರತ್ತೆ, ಅದಕ್ಕೇ ಅದು ಒಳ್ಳೇ ಟೆಸ್ಟು. ರಕ್ತದಲ್ಲಿ ನೋಡಬಹುದು, ಅಥ್ವಾ 24 ಗಂಟೆ ಮೂತ್ರ ಹಿಡಿದು ನೋಡಬಹುದು. ಗಮನಿಸಿ, ಸಕ್ಸಿನೇಟ್ ಅಳೆಯೋ ಟೆಸ್ಟ್ ಅಲ್ಲ ಇದು, "ಸಕ್ಸಿನೇಟ್ ಟೆಸ್ಟ್ ಮಾಡಿ" ಅಂತ ಲ್ಯಾಬಿಗೆ ಬಂದು ಕೇಳ್ಬೇಡಿ.

ರಕ್ತದ್ದು ಆದ್ರೆ ಮಲಗಿಸಿ 20ರಿಂದ 30 ನಿಮಿಷ ಬಿಟ್ಟು, ಮಲಗಿದಲ್ಲೇ ರಕ್ತ ತೆಗೀಬೇಕು. ಬಸ್ ಇಳಿದು ಓಡಿಬಂದು ಕುರ್ಚಿಲಿ ಕೂತು ಕೊಟ್ರೆ ಮೆಟಾನೆಫ್ರಿನ್ ಸುಮ್ನೇ ಏರಿರತ್ತೆ, ಆಮೇಲೆ ಇಲ್ಲದ ಗಡ್ಡೆ ಹುಡುಕ್ತಾ ತಿಂಗಳುಗಟ್ಲೆ ಅಲೆದಾಟ. ನಮ್ಮಂಥ ಸಣ್ಣ ಊರಿನ ಕಲೆಕ್ಷನ್ ಸೆಂಟರ್‌ಗಳಲ್ಲಿ ಮಂಚ ಖಾಲಿ ಇರಲ್ಲ, ನಾಚಿಕೆ ಇಲ್ದೇ ಕೇಳಿ, ಮಲಗಿಸೋಕೆ ಜಾಗ ಇದ್ಯಾ, ಸ್ಯಾಂಪಲ್ ಐಸಲ್ಲಿ ಕಳಿಸ್ತೀರಾ ಅಂತ ಫೋನ್ ಮಾಡಿ ಕೇಳ್ಕೊಂಡೇ ಹೋಗಿ. ಇಲ್ಲ ಅಂದ್ರೆ ಮೂತ್ರದ ಟೆಸ್ಟ್ ವಾಸಿ.

ಮೂತ್ರದ್ದು ಹೀಗೆ. ಲ್ಯಾಬಿಂದ ದೊಡ್ಡ ಕ್ಯಾನ್ ಕೊಡ್ತಾರೆ, ತುಂಬ ಸಲ ಅದ್ರ ತಳದಲ್ಲಿ ಸ್ವಲ್ಪ ಆಸಿಡ್ ಇರತ್ತೆ, ತೊಳೆದು ಚೆಲ್ಬೇಡಿ, ಅದು ಗಲೀಜು ನೀರಲ್ಲ, ಸ್ಯಾಂಪಲ್ ಕೆಡದೇ ಇರ್ಲಿ ಅಂತ ಹಾಕಿದ್ದು. ಕ್ಯಾನಿಗೆ ನೇರ ಮೂತ್ರ ಮಾಡ್ಬೇಡಿ, ಆಸಿಡ್ ಹಾರತ್ತೆ, ಒಂದು ಒಣಗಿದ ಮಗ್ಗಲ್ಲಿ ಹಿಡಿದು ಮೆಲ್ಲ ಸುರೀರಿ. ಬೆಳಿಗ್ಗೆ 6ಕ್ಕೆ ಎದ್ರಿ ಅಂತಿಟ್ಕೊಳ್ಳಿ, ಆ ಮೊದಲ ಮೂತ್ರ ಕ್ಯಾನಿಗೆ ಬೇಡ, ಟಾಯ್ಲೆಟಿಗೆ ಬಿಡಿ, ಟೈಮ್ ಮಾತ್ರ ಬರ್ಕೊಳ್ಳಿ. ಆಮೇಲಿಂದ ಹಗಲು ರಾತ್ರಿ ಎಲ್ಲ, ಮಾರನೇ ದಿನ 6ಕ್ಕೆ ಎದ್ದು ಮಾಡಿದ್ದೂ ಸೇರಿ, ಕ್ಯಾನಿಗೆ. ಒಂದು ಸಲದ್ದು ತಪ್ಪಿದ್ರೂ ಲೆಕ್ಕ ತಪ್ಪತ್ತೆ. ತೋಟಕ್ಕೆ ಹೋದೋರು ಅಲ್ಲೇ ಕೂತು ಬರೋದು ಅಭ್ಯಾಸ, ಅವತ್ತೊಂದಿನ ತೋಟದ ಕೆಲಸ ಬಿಡಿ, ಭಾರ ಹೊತ್ರೆ ದಣಿದ್ರೆ ಅಡ್ರಿನಲಿನ್ ಹೇಗೂ ಏರತ್ತೆ. ಕ್ಯಾನ್ ತಂಪಲ್ಲಿ ಇರ್ಬೇಕು. ಅಡುಗೆಮನೆ ಫ್ರಿಜ್ಜಲ್ಲಿ ಇಡೋಕೆ ಯಾರೂ ಒಪ್ಪಲ್ಲ, ಬಕೆಟಿಗೆ ಐಸ್ ಹಾಕಿ ಅದ್ರಲ್ಲಿ ಕ್ಯಾನ್ ನಿಲ್ಲಿಸಿ ಬಚ್ಚಲ ಮೂಲೇಲಿ ಇಡಿ, ಕಾರವಾರ ಅಂಕೋಲಾ ಕುಮಟಾ ಕಡೆ ಮೀನಿನ ಐಸ್ ಸಿಗತ್ತೆ, ಘಟ್ಟದ ಮೇಲಿನೋರು ಹಿಂದಿನ ದಿನವೇ ಬಾಟ್ಲಿಲಿ ನೀರು ಗಟ್ಟಿ ಮಾಡಿ ಇಟ್ಕೊಳ್ಳಿ. ಮಕ್ಕಳ ಕೈಗೆ ಸಿಗದ ಹಾಗೆ, ಆಸಿಡ್ ಇದೆ.

ಹಿಂದಿನ ದಿನದಿಂದ ಕವಳ, ಬೀಡಿ ಸಿಗರೇಟು, ಕಾಫಿ ಚಾ ಬೇಡ. ಅಪ್ಪೆಹುಳಿ, ಗಂಜಿ, ಮಜ್ಜಿಗೆ ಧಾರಾಳ ಕುಡೀರಿ. ಜ್ವರಕ್ಕೆ ನುಂಗೋ ಪ್ಯಾರಾಸಿಟಮಾಲ್ ಕೆಲವು ಲ್ಯಾಬಿನ ಮಷೀನುಗಳಿಗೆ ಗೊಂದಲ ಮಾಡತ್ತೆ, ಮೂಗು ಕಟ್ಟಿದ್ದಕ್ಕೆ ಕೊಡೋ ಶೀತದ ಮಾತ್ರೆ, ನಿದ್ದೆಗೆ ನರದ ನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್ ಇವೆಲ್ಲ ರಿಸಲ್ಟ್ ಏರಿಸ್ತವೆ. ತಗೊಳ್ತಾ ಇರೋ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿ, ಒಂದು ಚೀಟಿಲಿ ಬರೆದು ಡಾಕ್ಟರಿಗೆ ಕೊಡಿ, ಯಾವ್ದು ನಿಲ್ಲಿಸ್ಬೇಕು ಎಷ್ಟು ದಿನ ಅಂತ ಅವ್ರೇ ಹೇಳ್ಲಿ.

ರಿಪೋರ್ಟಲ್ಲಿ ನಾರ್ಮಲ್ ಅಂತ ಬಂದ್ರೆ ಬಹುಮಟ್ಟಿಗೆ ನೆಮ್ಮದಿ, ಗಡ್ಡೆ ಇದ್ದೋರಲ್ಲಿ ಇದು ತಪ್ಪಿಸ್ಕೊಳ್ಳೋದು ಕಡಿಮೆ. ಮೇಲಿನ ಮಿತಿಗಿಂತ ಸ್ವಲ್ಪ ದಾಟಿದ್ರೆ ಗಾಬರಿ ಬೇಡ, ಹೆಚ್ಚಿನ ಸಲ ಮೇಲೆ ಹೇಳಿದ ಕಾರಣಗಳೇ ಇರ್ತವೆ, ಸರಿಯಾಗಿ ಇನ್ನೊಮ್ಮೆ ಮಾಡಿಸ್ತಾರೆ. ಮೂರುನಾಲ್ಕು ಪಟ್ಟು ದಾಟಿದ್ರೆ ತಡ ಮಾಡ್ಬೇಡಿ.

ಪಾಸಿಟಿವ್ ಬಂದ್ರೆ

ಮೊದಲು ರಕ್ತ ಅಥ್ವಾ ಮೂತ್ರ, ಆಮೇಲೆ ಸಿಟಿ ಅಥ್ವಾ ಎಂಆರ್‌ಐ, ಈ ಕ್ರಮದಲ್ಲೇ ಹೋಗ್ಬೇಕು. ಫಿಯೋ ಅನುಮಾನ ಇರೋ ಗಡ್ಡೆಗೆ ಸೂಜಿ ಹಾಕಿ ಬಯಾಪ್ಸಿ ತೆಗೀಬಾರ್ದು, ಚುಚ್ಚಿದಾಗ ಅಡ್ರಿನಲಿನ್ ಒಮ್ಮೆಲೇ ರಕ್ತಕ್ಕೆ ನುಗ್ಗಿ ಜೀವಕ್ಕೇ ಅಪಾಯ. ಮೇಲೆ ಮೆಟೊಪ್ರೊಲಾಲ್ ಬಗ್ಗೆ ಹೇಳ್ತೀನಿ ಅಂದಿದ್ದು ಈಗ: ಅದು ಬೀಟಾ ಬ್ಲಾಕರ್. ಫಿಯೋ ಇದ್ದೋರಿಗೆ ಮೊದಲು ಪ್ರಜೋಸಿನ್, ಫಿನಾಕ್ಸಿಬೆಂಜಮಿನ್ ಥರದ ಆಲ್ಫಾ ಬ್ಲಾಕರ್ ಶುರು ಮಾಡಿ ರಕ್ತನಾಳ ಸಡಿಲ ಮಾಡ್ಕೊಂಡು ಆಮೇಲೆ ಮಾತ್ರ ಬೀಟಾ ಬ್ಲಾಕರ್ ಕೊಡ್ಬೇಕು, ಬೀಟಾ ಒಂದೇ ಮೊದಲು ಕೊಟ್ರೆ ಬಿಪಿ ಇಳಿಯೋ ಬದ್ಲು ಭಯಂಕರ ಏರಬಹುದು. ಹಾಗಾಗಿ "ಈ ಮಾತ್ರೆ ಶುರು ಮಾಡಿದ ಮೇಲೆ ಸೆಳಕು ಜಾಸ್ತಿ ಆಗಿದೆ" ಅಂತ ನಿಮಗೆ ಅನ್ನಿಸಿದ್ರೆ ಅದು ಡಾಕ್ಟರಿಗೆ ಬಹಳ ದೊಡ್ಡ ಸುಳಿವು, ಹೋಗಿ ಹೇಳಿ, ನೀವೇ ಬಿಡ್ಬೇಡಿ.

ಆಪರೇಷನ್ನಿಗೆ ಮುಂಚೆ 7ರಿಂದ 14 ದಿನ ಆಲ್ಫಾ ಬ್ಲಾಕರ್ ಕೊಟ್ಟು ತಯಾರು ಮಾಡ್ತಾರೆ. ಆಗ ಉಪ್ಪು ಜಾಸ್ತಿ ತಿನ್ನಿ, ನೀರು ಜಾಸ್ತಿ ಕುಡೀರಿ ಅಂತಾರೆ. ವರ್ಷಾನುಗಟ್ಲೆ ಉಪ್ಪು ಬಿಟ್ಟು ಬದುಕಿದ ಬಿಪಿ ಪೇಷಂಟ್‌ಗಳು ಮತ್ತೆ ಅವ್ರ ಮನೆಯೋರು ಇದನ್ನ ನಂಬೋದೇ ಇಲ್ಲ, ಡಾಕ್ಟರಿಗೆ ತಪ್ಪಾಗಿದೆ ಅಂತ ಸಪ್ಪೆ ಊಟ ಮುಂದುವರಿಸ್ತಾರೆ. ತಪ್ಪಾಗಿಲ್ಲ. ಗಡ್ಡೆಯಿಂದ ರಕ್ತನಾಳ ಬಿಗಿದು ಮೈಯಲ್ಲಿ ನೀರಿನಂಶ ಕಮ್ಮಿ ಆಗಿರತ್ತೆ, ತುಂಬ್ಕೊಳ್ದೇ ಆಪರೇಷನ್ ಮಾಡಿದ್ರೆ ಗಡ್ಡೆ ತೆಗೆದ ತಕ್ಷಣ ಬಿಪಿ ಕುಸೀಬಹುದು. ಹೃದಯ ಅಥ್ವಾ ಕಿಡ್ನಿ ತೊಂದ್ರೆ ಇದ್ದೋರಿಗೆ ಮಾತ್ರ ಬೇರೆ ಲೆಕ್ಕ, ಡಾಕ್ಟರ್ ಹೇಳಿದಷ್ಟೇ.

ಎಲ್ಲಿಗೆ ಹೋಗೋದು ಅನ್ನೋದು ನಮ್ಮ ಜಿಲ್ಲೆಯ ಹಳೇ ನೋವು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಹೋರಾಟ ಮಾಡಿದ್ದು, ಕೂಗಿದ್ದು ಎಲ್ಲ ನೆನಪಿದೆ. ಈ ಗಡ್ಡೆಗೆ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್, ಇಂಥ ಕೇಸ್ ಮಾಡಿ ಗೊತ್ತಿರೋ ಸರ್ಜನ್, ಮುಖ್ಯವಾಗಿ ಅರಿವಳಿಕೆ ಡಾಕ್ಟರ್, ಐಸಿಯು ಎಲ್ಲ ಒಂದೇ ಕಡೆ ಬೇಕು. ಶಿರಸಿ ಯಲ್ಲಾಪುರದೋರಿಗೆ ಹುಬ್ಬಳ್ಳಿ, ಕುಮಟಾ ಹೊನ್ನಾವರ ಭಟ್ಕಳದೋರಿಗೆ ಮಣಿಪಾಲ ಮಂಗಳೂರು, ಕಾರವಾರದೋರಿಗೆ ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜು ಹತ್ರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇಕಡ 30 ಸಿಗತ್ತೆ, ಆದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದನ್ನ ಮಾಡಿಸ್ಕೊಂಡೇ ಘಟ್ಟ ಇಳೀರಿ ಅಥ್ವಾ ಹತ್ತಿ, ಅಲ್ಲಿಗೆ ಹೋದ್ಮೇಲೆ ಮತ್ತೆ ವಾಪಸ್ ಓಡೋದು ಬೇಡ. ಸಹಕಾರಿ ಸೊಸೈಟಿ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆ ಕಾರ್ಡನ್ನೂ ನೋಡ್ಕೊಳ್ಳಿ. ಸೆಳಕು ಬಂದು ಎದೆನೋವು, ಉಸಿರಾಟದ ತೊಂದ್ರೆ, ಕಣ್ಣು ಮಂಜಾಗೋದು ಆಯ್ತು ಅಂದ್ರೆ ಇದ್ಯಾವ್ದೂ ನೋಡ್ಬೇಡಿ, 108ಕ್ಕೆ ಫೋನ್ ಮಾಡಿ ಹತ್ರದ ಆಸ್ಪತ್ರೆಗೆ ಮೊದಲು.

ಮನೆಯೋರ ವಿಷಯ

ಸಕ್ಸಿನೇಟ್ ಸಂಶೋಧನೆಯಿಂದ ಮನೆಮನೆಗೆ ಬಂದ ನಿಜವಾದ ಲಾಭ ಇಲ್ಲಿದೆ, ಸುದ್ದಿಲಿ ಇದನ್ನ ಬರೆಯೋದೇ ಕಡಿಮೆ. ಫಿಯೋ, ಪ್ಯಾರಾಗ್ಯಾಂಗ್ಲಿಯೋಮಾ ಬಂದೋರಲ್ಲಿ ಸುಮಾರು ಶೇಕಡ 30ರಿಂದ 40 ಜನರಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಇರತ್ತೆ. ಅದಕ್ಕೇ ಗಡ್ಡೆ ಪತ್ತೆ ಆದ ಎಲ್ರಿಗೂ ಜೀನ್ ಟೆಸ್ಟ್ ಬಗ್ಗೆ ಮಾತಾಡ್ಬೇಕು ಅಂತ ಹಾರ್ಮೋನ್ ಡಾಕ್ಟರುಗಳ ಸಂಘ ಎಂಡೋಕ್ರೈನ್ ಸೊಸೈಟಿ 2014ರಲ್ಲೇ ಹೇಳಿದೆ. ತೆಗೆದ ಗಡ್ಡೆಯ ತುಂಡಿಗೆ ಎಸ್‌ಡಿಎಚ್‌ಬಿ ಬಣ್ಣ ಹಾಕಿ ನೋಡಿದ್ರೂ ಸುಳಿವು ಸಿಗತ್ತೆ, ಬಣ್ಣ ಹಿಡೀದೇ ಇದ್ರೆ ಎನ್‌ಜೈಮ್ ಇಲ್ಲ ಅಂತ, ಪೆಥಾಲಜಿ ರಿಪೋರ್ಟಲ್ಲಿ ಅದನ್ನ ಮಾಡಿದಾರಾ ಕೇಳಿ. ಎಸ್‌ಡಿಎಚ್‌ಬಿ ದೋಷ ಇದ್ರೆ ಗಡ್ಡೆ ಬೇರೆ ಕಡೆ ಹರಡೋ ಸಾಧ್ಯತೆ ಹೆಚ್ಚು, ನಿಗಾ ಬಿಗಿ ಬೇಕು. ಎಸ್‌ಡಿಎಚ್‌ಡಿದು ವಿಚಿತ್ರ, ಅಪ್ಪನಿಂದ ಬಂದ್ರೆ ಕಾಯಿಲೆ ಆಗತ್ತೆ, ಅಮ್ಮನಿಂದ ಬಂದ್ರೆ ಸಾಮಾನ್ಯವಾಗಿ ಆಗಲ್ಲ, ಆದ್ರೆ ಹಾಗೆ ಅಮ್ಮನಿಂದ ಪಡೆದ ಮಗ ತನ್ನ ಮಕ್ಕಳಿಗೆ ದಾಟಿಸ್ಬಹುದು. ಅದಕ್ಕೇ ಒಂದು ತಲೆಮಾರು ಬಿಟ್ಟು ಕಾಣಿಸ್ಕೊಂಡು ಜನ ಮೋಸ ಹೋಗ್ತಾರೆ. ಅಜ್ಜನಿಗೆ ಕುತ್ತಿಗೆಲಿ ಗಂಟಿತ್ತು, ಚಿಕ್ಕಪ್ಪ ಸಣ್ಣ ವಯಸ್ಸಲ್ಲೇ ಲಕ್ವ ಹೊಡೆದು ತೀರ್ಕೊಂಡ್ರು, ಅತ್ತೆಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು, ಇಂಥದ್ದನ್ನೆಲ್ಲ ಮನೆಯ ಹಿರಿಯರನ್ನ ಕೂರಿಸಿ ಕೇಳಿ ಬರ್ಕೊಳ್ಳಿ.

ಹುಡುಗಿ ನೋಡೋ ಟೈಮಲ್ಲಿ ಗೊತ್ತಾದ್ರೆ ಎಂತ ಅಂತ ಮುಚ್ಚಿಡೋರನ್ನ ನೋಡಿದೀನಿ, ಮನಸ್ಸಿಗೆ ತುಂಬಾ ಬೇಜಾರಾಗತ್ತೆ. ಒಬ್ರಲ್ಲಿ ದೋಷ ಸಿಕ್ರೆ ಅಣ್ಣ ತಮ್ಮ ಅಕ್ಕ ತಂಗಿ ಮಕ್ಕಳಲ್ಲಿ ತಲಾ ಅರ್ಧದಷ್ಟು ಸಾಧ್ಯತೆ, ಅವ್ರಿಗೆ ಮೊದಲೇ ಗೊತ್ತಿದ್ರೆ ವರ್ಷಕ್ಕೊಂದು ಟೆಸ್ಟಲ್ಲಿ ಗಡ್ಡೆ ಕಡ್ಲೆಕಾಳಷ್ಟಿರುವಾಗ್ಲೇ ಸಿಗತ್ತೆ, ಗೊತ್ತಿಲ್ದಿದ್ರೆ ಹೆರಿಗೆ ಟೇಬಲ್ ಮೇಲೆ ಬಿಪಿ ಏರಿ ಗೊತ್ತಾಗತ್ತೆ. ದೋಷ ಇದ್ದೋರೆಲ್ರಿಗೂ ಗಡ್ಡೆ ಬಂದೇ ಬರತ್ತೆ ಅಂತಲೂ ಇಲ್ಲ, ಅದನ್ನೂ ಅವ್ರಿಗೆ ಹೇಳಿ. ಟೆಸ್ಟಿಗೆ ಮುಂಚೆ ಜೆನೆಟಿಕ್ ಕೌನ್ಸಿಲಿಂಗ್ ಮಾಡೋರ ಹತ್ರ ಕೂತು ಮಾತಾಡಿ.

ಆಪರೇಷನ್ ಮಾಡೋಕಾಗದ ಅಥ್ವಾ ಹರಡಿದ ಗಡ್ಡೆಗೂ ಈಗ ದಾರಿ ತೆರೀತಾ ಇದೆ. ಆಮ್ಲಜನಕದ ವ್ಯವಸ್ಥೆಯ ಎಚ್‌ಐಎಫ್ ಹೇಳಿದ್ನಲ್ಲ, ಅದ್ರ ಎರಡನೇ ರೂಪವನ್ನೇ ತಡೆಯೋ ಬೆಲ್ಜುಟಿಫಾನ್ ಅನ್ನೋ ಮಾತ್ರೆಗೆ ಅಮೆರಿಕದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಈ ಗಡ್ಡೆಗಳಿಗೆ, 12 ವರ್ಷ ಮೇಲ್ಪಟ್ಟೋರಿಗೆ ಒಪ್ಪಿಗೆ ಕೊಟ್ಟಿದೆ. ಸಕ್ಸಿನೇಟ್ ರಾಶಿ ಬಿದ್ರೆ ಏನಾಗತ್ತೆ ಅಂತ ಕೂತು ಬಿಡಿಸಿದೋರ ಕೆಲಸ ಇಪ್ಪತ್ತು ವರ್ಷಕ್ಕೆ ಒಂದು ಮಾತ್ರೆ ಆಗಿ ಬಂತು.

ಗಡ್ಡೆ ತೆಗೆದು ಮನೆಗೆ ಬಂದೋರು ಬಿಪಿ ನಾರ್ಮಲ್ ಆಯ್ತು ಅಂತ ಫೈಲ್ ಅಟ್ಟಕ್ಕೆ ಎಸೀಬೇಡಿ. ಮತ್ತೆ ಬರೋ ಸಾಧ್ಯತೆ ಇರೋದ್ರಿಂದ ಪ್ರತಿ ವರ್ಷ ಮೆಟಾನೆಫ್ರಿನ್ ಟೆಸ್ಟ್ ಮಾಡಿಸ್ತಾ ಇರ್ಬೇಕು. ಪೆಥಾಲಜಿ ರಿಪೋರ್ಟು, ಜೀನ್ ರಿಪೋರ್ಟು, ಆಪರೇಷನ್ನಿಗೆ ಮುಂಚಿನ ಮತ್ತು ನಂತರದ ಮೆಟಾನೆಫ್ರಿನ್ ನಂಬರ್, ಇಷ್ಟನ್ನ ಮೊಬೈಲಲ್ಲಿ ಫೋಟೋ ತೆಗೆದು ಮನೇಲಿ ಇನ್ನೊಬ್ರ ಫೋನಿಗೂ ಕಳಿಸಿ ಇಡಿ, ಮತ್ತೆ ಮುಂದೆ ಹಲ್ಲು ಕೀಳ್ಸೋದಿರ್ಲಿ, ಹರ್ನಿಯಾ ಇರ್ಲಿ, ಅರಿವಳಿಕೆ ಅಥ್ವಾ ಮರಗಟ್ಟಿಸೋ ಇಂಜೆಕ್ಷನ್ ಕೊಡೋಕೆ ಮುಂಚೆ ಅದನ್ನ ಡಾಕ್ಟರಿಗೆ ತೋರ್ಸಿ.